ಶೀರ್ಷಿಕೆ ಇಲ್ಲ

ಅರಸೀಕೆರೆಯ ರೈಲ್ವೆ ಗೇಟಿನ ಹಿಂದೆ ನನ್ನ ಅಂಗಡಿ.
ಸುಟ್ಟ ಮೋಟಾರಿಗೆ ಮತ್ತೆ ತಂತಿ ಸುತ್ತುವುದು ಕಸುಬು.
ಕಣ್ಣು ಮಂಜಾಗಿ ಮನೆ ಸೇರಿದ ಬಾಷಾ ಮಿಸ್ತ್ರಿ
ನನಗೆ ಬಿಟ್ಟದ್ದು ಒಂದು ಕೈಚಕ್ರ, ಎರಡು ಇಕ್ಕಳ,
ಮತ್ತೆ ಈ ಗೋಡೆ.

ಗೋಡೆಯ ಮೇಲೆ ಇದ್ದಿಲು, ಸೀಮೆಸುಣ್ಣ, ಮೊಳೆಯ ಗೀರು:
ಐದು ಎಚ್‌ಪಿ. ಮೂವತ್ತಾರು ಸ್ಲಾಟು. ಸುತ್ತು ಐವತ್ತೆಂಟು.
ಕೆಳಗೆ, ಬಾಣಾವರದ ಗೌಡ ದುಡ್ಡು ಬಾಕಿ.
ಅದರ ಕೆಳಗೆ ಬರೀ ಒಂದು ಬಾಣದ ಗುರುತು, ಕಿಟಕಿಯ ಕಡೆಗೆ.
ಏನದು ಅಂತ ಕೇಳಬೇಕು, ಕೇಳಬೇಕು ಅಂದುಕೊಂಡೇ ಉಳಿಯಿತು.

ಕಟ್ಟಡದವರು ಸುಣ್ಣ ಹೊಡೆಸುತ್ತೇವೆ ಅಂದ ದಿನ
ತೌಸೀಫ ನನ್ನ ಫೋನಿಗೊಂದು ಆ್ಯಪು ಹಾಕಿದ.
'ಅಕ್ಕಾ, ಇದರಲ್ಲಿ ಇಲ್ಲ ಅನ್ನೋದೇ ಇಲ್ಲ.'
ನಿಜ. ಫೋಲ್ಡರಿನ ಹೊಟ್ಟೆಯಲ್ಲಿ ಫೋಲ್ಡರು,
ಹನ್ನೆರಡು ಬಣ್ಣದ ಟ್ಯಾಗು,
ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ಎಳೆಯುವ ದಾರ,
ದಾರವೆಲ್ಲ ಸೇರಿ ಜೇಡನ ಮನೆಯಂಥ ಒಂದು ಚಿತ್ರ.

ಮೂರು ಸಂಜೆ ಕೂತು ಬಣ್ಣ ಆರಿಸಿದೆ.
ಬಾವಿ ಮೋಟಾರಿಗೆ ನೀಲಿ, ಗಿರಣಿಯದಕ್ಕೆ ಹಳದಿ.
ಮೂರು ಸಂಜೆ ಒಂದು ಸುರುಳಿ ಸುತ್ತಲಿಲ್ಲ.
ಜಾವಗಲ್ಲಿನ ಗಿರಣಿಯ ನೀಲಮ್ಮ ಬಾಗಿಲಲ್ಲೇ ನಿಂತು
'ಆಯ್ತಾ?' ಅಂದಳು.
'ಆಗ್ತಾ ಇದೆ' ಅಂದೆ,
ಹಳದಿಯನ್ನು ಕಿತ್ತಳೆ ಮಾಡುತ್ತ.

ವಾಸನೆಗೆ ಯಾವ ಬಣ್ಣ ಕೊಡಲಿ?
ಬೇರಿಂಗು ಹೋಗಿ ಸುಟ್ಟದ್ದರ ವಾಸನೆ ಬೇರೆ,
ಒಂದು ಫೇಸು ಕೈಕೊಟ್ಟು ಸುಟ್ಟದ್ದು ಬೇರೆ.
ಮಿಸ್ತ್ರಿ ಮೂಸಿ ಹೇಳುತ್ತಿದ್ದರು,
ಬಿಚ್ಚಿ ನೋಡುವುದು ಗಿರಾಕಿಯ ಸಮಾಧಾನಕ್ಕೆ.

ಗೋಡೆಯ ಫೋಟೊ ತೆಗೆದೆ. ಅಕ್ಷರವನ್ನೂ ಓದುತ್ತದಂತೆ.
ಓದಿತು: 'ಬಾಣಾವರದ ಗೌರಿ ದುಂಡು ಬಾಳೆ.'
ನಾನೂ ತೌಸೀಫನೂ ನಕ್ಕು ನಕ್ಕು
ಸ್ಲಾಟಿನ ಪೇಪರು ಅಳತೆ ತಪ್ಪಿ ಕತ್ತರಿಸಿದೆವು.
ಬಾಣದ ಗುರುತನ್ನು ಅದು ಓದಲೇ ಇಲ್ಲ.

ಈಗ ಆ ಬಣ್ಣಗಳ ತಂಟೆಗೆ ಹೋಗುವುದಿಲ್ಲ.
ಸುತ್ತುವಾಗ ಯಾರಾದರೂ ಕರೆದರೆ ಎಣಿಕೆ ತಪ್ಪೀತೆಂದು
ಹೊಸ ಪುಟ ತೆರೆದು ಒಂದು ಅಂಕಿ ಒತ್ತುತ್ತೇನೆ, ಅಷ್ಟೆ.
ತಲೆಯ ಮೇಲೆ ಅದೇ ಬರೆದುಕೊಳ್ಳುತ್ತದೆ: ಶೀರ್ಷಿಕೆ ಇಲ್ಲ.

ನಲವತ್ತೇಳು. ಗ್ಯಾಸಿನವನು.
ಮೂವತ್ತೊಂದು. ತಂಗಿಗೆ ಹೆರಿಗೆ, ಹೆಣ್ಣು ಮಗು.
ಒಂಬತ್ತು. ಯಾರು ಕರೆದರೋ, ಎಷ್ಟು ಯೋಚಿಸಿದರೂ ಹೊಳೆಯದು.
ಹನ್ನೆರಡು. ಯಾರೂ ಕರೆಯಲಿಲ್ಲ, ಗೇಟು ಬಿದ್ದಿತ್ತು,
ನನ್ನ ಎಣಿಕೆ ಬಿಟ್ಟು ಗೂಡ್ಸು ಗಾಡಿಯ ಡಬ್ಬಿ ಎಣಿಸುತ್ತ ನಿಂತೆ.
ಐವತ್ತಾರು. ಬಾಷಾ ಮಿಸ್ತ್ರಿಯ ಮನೆಯಿಂದ.

ಮಣ್ಣು ಮುಗಿದ ಮೇಲೆ ರಾತ್ರಿ ಬಂದು ಅಂಗಡಿ ತೆಗೆದು
ಉಳಿದ ಎರಡು ಸುತ್ತು ಸುತ್ತಿದೆ.

ಇಂಥ ಪುಟಗಳನ್ನೆಲ್ಲ ಒಂದೇ ಸಲಕ್ಕೆ
ಅಳಿಸುವ ಸೌಲಭ್ಯವೂ ಇದೆಯಂತೆ.
'ಒತ್ತಲಾ ಅಕ್ಕಾ?' ಅನ್ನುತ್ತಾನೆ ತೌಸೀಫ.
ಹದಿನೇಳು, ಇರಲಿ ಬಿಡೋ,
ಹದಿನೆಂಟು, ಹತ್ತೊಂಬತ್ತು