ಬೇಚರಾಕ್

ತಾಲ್ಲೂಕು ಕಚೇರಿಯ ರಿಜಿಸ್ಟರಿನಲ್ಲಿ ಪುಟದ ಕೊನೆಯ ಸಾಲು:
ಸೀಗೇಕೊಪ್ಪಲು, ಜಾವಗಲ್ ಹೋಬಳಿ,
ನಾನೂರ ಹನ್ನೊಂದು ಎಕರೆ ಆರು ಗುಂಟೆ, ಖರಾಬು ಸೇರಿ.
ಜನಸಂಖ್ಯೆಯ ಕಲಮಿನಲ್ಲಿ ಸೊನ್ನೆಯೂ ಇಲ್ಲ,
ಒಂದು ಅಡ್ಡಗೆರೆ. ಷರಾ: ಬೇಚರಾಕ್.

‘ಹಂಗಂದ್ರೆ ದೀಪ ಇಲ್ಲದ್ದು ಮೇಷ್ಟ್ರೇ,’
ಎಲೆಗೆ ಸುಣ್ಣ ಸವರುತ್ತ ಶಿರಸ್ತೇದಾರ ಗುರುಶಾಂತಪ್ಪ ಅಂದರು.
‘ಪಾರ್ಸಿ ಮಾತು. ನಮ್ಮ ಕಡತ ಬಿಟ್ರೆ ಬೇರೆಲ್ಲೂ ಬದುಕಿಲ್ಲ.’

ನಾನು ಡ್ರಾಯಿಂಗ್ ಮೇಷ್ಟ್ರು. ಜನಗಣತಿಗೆ ಹಾಕಿದರು.
ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ,
ಮೊದಲು ನಕ್ಷೆ, ಆಮೇಲೆ ತಲೆ.
ಪಡುವಲಿಗೆ ಕರೀಕಲ್ಲು ಗುಡ್ಡ. ಮೋಡವಿಲ್ಲದ ದಿನ ಅದರ ಬೆನ್ನಿಗೆ
ಬಾಬಾಬುಡನ್ ಸಾಲಿನ ನೀಲಿ,
ಬ್ರಷ್ಷು ತೊಳೆದ ನೀರಿನಷ್ಟು ತೆಳ್ಳಗೆ.
ಮೂಡಲಿಗೆ ಹಳ್ಳ: ಹರಿದರೆ ವೇದಾವತಿಯ ದಿಕ್ಕಿಗೆ,
ಹರಿಯದಿದ್ದರೆ ಗಾಡಿದಾರಿ.
ನಡುವೆ ಕಗ್ಗಲಿ, ಬಂದ್ರೆ, ಲಂಟಾನ,
ಒಡೆದ ಒರಳಿನಲ್ಲಿ ಗುಬ್ಬಿ ಕುಡಿಯುವಷ್ಟು ನೀರು.
ಚೌಕವೂ ಇಲ್ಲ, ತ್ರಿಕೋನವೂ ಇಲ್ಲ.

ಚರಿತ್ರೆಯಿದ್ದದ್ದು ತಳವಾರ ಬೈಲಯ್ಯನ ಬಾಯಲ್ಲಿ,
ಅದೂ ಬೀಡಿ ಹತ್ತಿಕೊಂಡಾಗ:
‘ಇಲಿ ಬಿದ್ವಂತೆ ಸಾ, ಅಟ್ಟದಿಂದ ದಪ್ ದಪ್ ಅಂತ.
ಮೂವತ್ತೆರಡು ಒಲೆ. ಎಲ್ಲಾ ಹೊಲಕ್ಕೋಗಿ
ಗರಿ ಗುಡ್ಲು ಹಾಕ್ಕಂಡ್ರು, ಮೂರೇ ತಿಂಗ್ಳು ಅಂತ.
ಆ ಗುಡ್ಲೇ ನೋಡಿ ಈಗ್ನ ಹೊಸೂರು.’
ಪ್ಲೇಗಿನಮ್ಮನನ್ನು ಮಾತ್ರ ಇಲ್ಲೇ ಬಿಟ್ಟರು.
ತಂದವಳೂ ಅವಳೇ, ಕಾಯುವವಳೂ ಅವಳೇ,
ಜೊತೆಗೆ ಕರೆದೊಯ್ಯಲು ಧೈರ್ಯ ಸಾಲಲಿಲ್ಲ.
ಬೇಲಿಯಲ್ಲೊಂದು ವೀರಗಲ್ಲು ಬೋರಲು ಬಿದ್ದಿದೆ.
ಯಾರ ದನ ಕಾಯಲು ಸತ್ತನೋ,
ಅಕ್ಷರವೆಲ್ಲ ಮಣ್ಣಿನ ಕಡೆಗಿವೆ.

ಫೆಬ್ರವರಿ ಇಪ್ಪತ್ತೆಂಟರ ರಾತ್ರಿ ಮನೆಯಿಲ್ಲದವರ ಎಣಿಕೆ.
ಬಸ್ ಸ್ಟ್ಯಾಂಡಿನ ಬೆಂಚು, ಮೋರಿಯ ಕೊಳವೆ, ಛತ್ರದ ಜಗುಲಿ
ಮುಗಿಸಿ, ಟಾರ್ಚಿನ ಸೆಲ್ಲು ಸೊರಗಿದ ಹೊತ್ತಿಗೆ
ಬೈಲಯ್ಯ ನಿಂತ.
‘ಸಾ, ಸೀಗೇಕೊಪ್ಪಲ ಕಡೆ ನೋಡಿ.’

ಒಂದು ದೀಪ.

ಮಂದೆ. ಇನ್ನೂರಕ್ಕೂ ಮೇಲೆ ಕುರಿ, ನಡುವೆ ಕಂಬಳಿಯ ಗುಡಾರ,
ಹಿರಿಯೂರಿನ ಕಡೆಯ ಗೊಲ್ಲರು.
ಕ್ಯಾತಪ್ಪ, ಅರವತ್ತೋ ಎಪ್ಪತ್ತೋ. ಮಗ ಚಿತ್ತಯ್ಯ.
ಸೊಸೆ ಜುಂಜಮ್ಮ. ಮಗಳು ಕರಿಯಮ್ಮ. ಒಂದು ಕೂಸು.
ಹುಟ್ಟಿದೂರು? ‘ಮಂದೇಲಿ.’
ಇಲ್ಲಿ ಎಷ್ಟು ವರ್ಷದಿಂದ ವಾಸ? ‘ಹೊತ್ತು ಮುಳುಗ್ದಾಗಿಂದ.’
ಬಂದ ಕಾರಣ: ಉದ್ಯೋಗವೋ, ವ್ಯಾಪಾರವೋ, ಮದುವೆಯೋ?
‘ಹುಲ್ಲು,’ ಅಂದಳು ಜುಂಜಮ್ಮ.
ಕೂಸಿನ ಹೆಸರು?
‘ಇನ್ನೂ ಇಟ್ಟಿಲ್ಲ. ಒಂದೂರಲ್ಲಿ ನಿಂತ್ರಲ್ವಾ.’
ಕುರಿಗೆ ಕಲಂ ಇಲ್ಲ ಅಂದದ್ದು ಮುದುಕನಿಗೆ ಸರಿಬರಲಿಲ್ಲ,
ಎಣಿಸಲು ಬಂದವರು ಮೊದಲು ಅವನ್ನಲ್ಲವೇ ಎಣಿಸಬೇಕು?
ಮರಿಯೊಂದು ಫಾರಮಿನ ಮೂಲೆ ಅಗಿದು, ರುಚಿಸದೆ ಬಿಟ್ಟಿತು.

ಆ ಚಿಮಣಿ ಬೆಳಕಲ್ಲೇ
ನಕ್ಷೆಯ ನಡುವೆ ಒಂದು ತ್ರಿಕೋನ ಬರೆದೆ.

‘ಬೇಚರಾಕಿಗೆ ಜನ ತುಂಬಿದ್ದೀರಲ್ರೀ,
ಹೊಸೂರಿಗೆ ಸೇರಿಸಿ!’ ಗುರುಶಾಂತಪ್ಪ ಬ್ಲೇಡು ಹಿಡಿದು ಕೆರೆದರು.
ಡ್ರಾಯಿಂಗ್ ಇಂಕು. ಕಾಗದ ಹರಿಯಿತು, ಗೆರೆ ಹೋಗಲಿಲ್ಲ.

ಎರಡು ವರ್ಷಕ್ಕೆ ಅಚ್ಚಾದ ಪುಸ್ತಕ ಬಂತು.
ಸೀಗೇಕೊಪ್ಪಲು: ಕುಟುಂಬ ಒಂದು. ಗಂಡು ಎರಡು, ಹೆಣ್ಣು ಮೂರು.
ಅಕ್ಷರಸ್ಥರು ಯಾರೂ ಇಲ್ಲ.
ಸಾವಿರ ಗಂಡಿಗೆ ಸಾವಿರದೈನೂರು ಹೆಣ್ಣು, ಇಡೀ ತಾಲ್ಲೂಕಿಗೇ ಮೊದಲು!
ಹಾಸನದ ಸಭೆಯಲ್ಲಿ ಯಾರೋ ಸಾಹೇಬರು
ಊರನ್ನು ಮಾದರಿ ಎಂದು ಹೊಗಳಿದರಂತೆ,
ಚಪ್ಪಾಳೆಯೂ ಬಿತ್ತಂತೆ.

ಎಣಿಸಿದ ಮರುಬೆಳಗ್ಗೆ ನಾನು ಹೋಗಿದ್ದೆ, ಯಾರಿಗೂ ಹೇಳಿಲ್ಲ.
ಮೂರು ಕಲ್ಲು, ಬೆಚ್ಚಗಿನ ಬೂದಿ, ನಾಲ್ಕೆಕರೆ ಹಿಕ್ಕೆ.
ಪ್ಲೇಗಿನಮ್ಮನ ಮುಂದೆ ಒಂದು ಹಿಡಿ ಉಣ್ಣೆ.

ಹತ್ತು ವರ್ಷ, ಮುಂದಿನ ಗಣತಿಯವರೆಗೆ,
ಆ ಪುಟದಲ್ಲಿ ಕೂಸಿನ ವಯಸ್ಸು ಸೊನ್ನೆ.
ಸಂತೆಯಲ್ಲಿ ಸಿಕ್ಕಾಗಲೆಲ್ಲ ಬೈಲಯ್ಯ ಬೀಡಿ ಕೇಳುತ್ತಾನೆ,
ಹೊಗೆ ಬಿಟ್ಟು, ಆ ಕಡೆ ಈ ಕಡೆ ನೋಡಿ:
‘ಹೆಸ್ರು ಇಟ್ಟಿರ್ತಾರಾ ಸಾ?’