ಅರ್ಧ ಗಂಟೆ

ನಮ್ಮ ಲ್ಯಾಬಿನಲ್ಲಿ ಕಾಳಿ ನದಿ ಎರಡು.
ಒಂದು ಕಿಟಕಿಯಾಚೆ, ಕೋಡಿಬಾಗದ ದಂಡೆಗೆ
ಬೆನ್ನು ತಿಕ್ಕುತ್ತ ಮಲಗಿರುತ್ತದೆ ಎಮ್ಮೆಯ ಹಾಗೆ.
ಇನ್ನೊಂದು ಬರ್ಗೆನ್ನಿನ ಯಂತ್ರದೊಳಗೆ:
ಐವತ್ತು ಮೀಟರಿಗೊಂದು ಚೌಕ,
ಚೌಕಕ್ಕೊಂದು ಆಳ, ಆಳಕ್ಕೊಂದು ಅಂಕಿ.
ಕುಸಿದುಬಿದ್ದ ಹಳೇ ಸೇತುವೆಯ ಕಂಬಗಳನ್ನು
ಅಲ್ಲಿ ಮೊದಲ ವಾರವೇ ಅಳಿಸಿದೆವು,
ಬೆರಳು ತಾಗಿಸಿದ್ದಷ್ಟೇ.

ಒಪ್ಪಂದದ ಕಾಗದಕ್ಕೆ ಮೂರು ಮೊಹರು.
ನಾರ್ವೆಯದು ನೀಲಿ, ಘಾನಾದ್ದು ಹಸಿರು,
ನಮ್ಮದು ಮಳೆಗಾಲದ ಒದ್ದೆ ಪ್ಯಾಡಿನದು,
ಹರಡಿ, ಯಾವ ಬಣ್ಣವೆಂದು ಹೇಳಲು ಬಾರದ್ದು.
ಬುಧವಾರ ಸಂಜೆ ನಾಲ್ಕಕ್ಕೆ ಪಾಠ,
ಮೂರು ದಂಡೆಗಳ ಹದಿನೇಳು ಮಕ್ಕಳು.
ಸಿಗ್ರೂನ್ ಸಮೀಕರಣ ಬರೆಯುತ್ತಾಳೆ,
ಕ್ವೇಸಿ ಅದನ್ನು ಕೋಡಿಗೆ ಇಳಿಸುತ್ತಾನೆ,
ಸುಲಭಾ ಹರಿಕಂತ್ರ, ಅಂದರೆ ನಾನು, ನೀರು ಅಳೆಯುತ್ತೇನೆ.
ನಿಜ ಹೇಳಬೇಕೆಂದರೆ ದುರ್ಗು ತಾಂಡೇಲ ಅಳೆಯುತ್ತಾನೆ:
ದೋಣಿಯಿಂದ ಕೋಲಿನ ಗೆರೆ ನೋಡಿ ಕೂಗುತ್ತಾನೆ,
ದಂಡೆಯಲ್ಲಿ ಕೂತು ನಾನು ಬರೆದುಕೊಳ್ಳುತ್ತೇನೆ.

ಮೂರು ತಿಂಗಳು ಎಲ್ಲ ಸರಿಯಿತ್ತು, ಒಂದು ಬಿಟ್ಟು.
ಯಂತ್ರದ ಭರ್ತಿ ಸಮುದ್ರದ ಭರ್ತಿಗಿಂತ ಮೊದಲೇ ಬರುತ್ತಿತ್ತು.
ಮೂವತ್ತೇಳು ನಿಮಿಷ.
ಹುಣ್ಣಿಮೆಗೂ ಮೂವತ್ತೇಳು, ಅಷ್ಟಮಿಗೂ ಮೂವತ್ತೇಳು;
ಅಂಗಳ ಗುಡಿಸುವ ಮೊದಲೇ
ಬಂದು ನಿಲ್ಲುವ ನೆಂಟರ ಹಾಗೆ.
ಆಳ ತಿದ್ದಿದೆವು. ಗಾಳಿ ತಿದ್ದಿದೆವು.
ಸಿಗ್ರೂನ್ ಚಂದ್ರನನ್ನೇ ಒಮ್ಮೆ ಬಿಚ್ಚಿ
ಮತ್ತೆ ಜೋಡಿಸಿ ನೋಡಿದಳು.
ನಾನು ದುರ್ಗುವಿನ ಕಣ್ಣು ಪರೀಕ್ಷೆ ಮಾಡಿಸಿದೆ.
ಅವತ್ತಿನಿಂದ ಅವನು ನನ್ನೊಡನೆ
ಗೆರೆಯ ಅಂಕಿಯ ಹೊರತು ಮಾತಾಡುವುದಿಲ್ಲ.

ಕ್ವೇಸಿಯ ಕ್ಯಾಂಟೀನಿನಲ್ಲಿ ಹತ್ತೂವರೆಗೆ ಅಲಸಂದೆ ಖಾಲಿಯಂತೆ.
“ನಿಮ್ಮ ನಾಲ್ಕು ಎಂದರೆ ನನಗೆ ಹತ್ತೂವರೆ,
ಬುಧವಾರ ಬುಧವಾರ ಉಪವಾಸ,
ಆ ಅರ್ಧ ಗಂಟೆಯನ್ನು ಏನಾದರೂ ಮಾಡಿ” ಎಂದ ನಗುತ್ತ.
ಮಕ್ಕಳೂ ನಕ್ಕರು.
ಸಿಗ್ರೂನ್ ನಗಲಿಲ್ಲ. ಕನ್ನಡಕ ತೆಗೆದು ಕೇಳಿದಳು,
“ಆ ಅರ್ಧವನ್ನು ನಾವು ಎಲ್ಲಿ ಇಟ್ಟಿದ್ದೇವೆ?”

ಅವನ ಊರಿನ ಗಡಿಯಾರ ಜಗತ್ತಿನ ಸೊನ್ನೆಯಲ್ಲೇ ಇದೆ.
ಅವಳದು ಒಂದು ಮುಂದೆ, ಬೇಸಿಗೆಯಲ್ಲಿ ಎರಡು.
ನಾವು ಐದೂವರೆ.
ಪೂರ್ಣಾಂಕವಷ್ಟೇ ತನಗೆ ಬೇಕೆನ್ನುವ ಕೋಡಿನ ಸಾಲೊಂದು
ಐದನ್ನು ತಿಂದು ಅರ್ಧವನ್ನು
ಮುಳ್ಳಿನಂತೆ ತಟ್ಟೆಯ ಅಂಚಿಗಿಟ್ಟಿತ್ತು.
ಬರೆದವನು ಕ್ವೇಸಿ. ನೋಡಿ ಸರಿಯಿದೆ ಎಂದವಳು ನಾನು,
ಹುಟ್ಟಿದಂದಿನಿಂದ ಆ ಅರ್ಧದಲ್ಲೇ ಬದುಕಿದವಳು.
ಮಾರನೇ ದಿನ ದೋಣಿಯ ಹತ್ತಿರ ಹೋಗಿ
ತಪ್ಪು ನಿನ್ನ ಕಣ್ಣಿನದಲ್ಲ ಎಂದೆ.
“ಒಂದು ಮೀಟರ್ ನಲವತ್ತೆರಡು” ಎಂದ ದುರ್ಗು.

ತಿದ್ದಿದ ಮೇಲೂ ಏಳು ನಿಮಿಷ ಉಳಿಯಿತು.
ಪ್ರಬಂಧದಲ್ಲಿ ಅದನ್ನು ತಳದ ಘರ್ಷಣೆ ಎಂದು ಕರೆದು
ಗುಣಾಂಕ ಕೊಟ್ಟೆವು: ಸೊನ್ನೆ ಬಿಂದು ಸೊನ್ನೆ ಮೂರು ಒಂದು.
ಅಷ್ಟೇ ಯಾಕೆ ಮೇಡಂ, ಎಂದ ಘಾನಾದ ಹುಡುಗನೊಬ್ಬ.
ಅಷ್ಟಿಟ್ಟರೆ ಏಳು ಕರಗುತ್ತದೆ, ಅದಕ್ಕೆ.
ಬಾಯಲ್ಲಿ ಬಂದ ಉತ್ತರ ನನಗೇ ರುಚಿಸಲಿಲ್ಲ.

ಭಾನುವಾರ ಸುಕ್ತಿಯ ಹೊತ್ತಿಗೆ
ಚಿಕ್ಕಮ್ಮನ ಹಿಂದೆ ಬಳಚು ಹೆಕ್ಕಲು ಇಳಿದೆ,
ಎಷ್ಟೋ ವರ್ಷಗಳ ಮೇಲೆ.
ಕೆಸರು, ಕೆಸರಿನಡಿ ಚಿಪ್ಪು,
ಚಿಪ್ಪಿನಡಿ ಅದಕ್ಕೂ ಹಳೆಯ ಚಿಪ್ಪು. ಹಿಮ್ಮಡಿಗೆ ಚುಚ್ಚಿತು.
ಸದಾಶಿವಗಡದ ನೆರಳಿನತನಕ
ಬಗ್ಗಿದ ಹೆಂಗಸರು, ನೆಟ್ಟ ಕಾಲುಗಳು.
ಒಂದೊಂದು ಕಾಲನ್ನೂ ಸುತ್ತಿ,
ಚೂರು ತಡೆದು, ನೀರು ಮುಂದೆ ಹೋಗುತ್ತಿತ್ತು.
ನಾನು ಮೂರು ಒಂದರ ಮೇಲೆ ನಿಂತಿದ್ದೆ.

“ಏನು ಎಣಿಸ್ತಾ ನಿಂತೆ?” ಎಂದಳು ಚಿಕ್ಕಮ್ಮ, ತಲೆ ಎತ್ತದೆ.
“ನೀರು ತಿರುಗೋ ಹೊತ್ತಾಯ್ತು,
ಬುಟ್ಟಿ ಇನ್ನೂ ಅರ್ಧ.”