ಒಲೆ ಹಚ್ಚದ ದಿನ

ಡಿಸೆಂಬರ್ ಇಪ್ಪತ್ತಮೂರು. ಮಿಲ್ಡೂರಾದಲ್ಲಿ ನಲವತ್ತೆರಡು ಡಿಗ್ರಿ.
ಹಿತ್ತಲ ನಲ್ಲಿ ತಿರುಗಿಸಿದರೆ ಮೊದಲು ಬರುವುದು
ಚಹಾಕ್ಕೆ ಆಗುವಷ್ಟು ಬಿಸಿನೀರು.

ಅವ್ವ ಮೇರಿ ಬಿಸ್ಕತ್ತಿನ ಎರಡು ಪೊಟ್ಟಣ ಒಡೆದು
ಹಳೆಯ ದಿಂಬಿನ ಚೀಲಕ್ಕೆ ಸುರಿದು, ಬಾಯಿಗೆ ಗಂಟು ಹಾಕಿ
ಜಯಪಾಲನ ಕೈಗೆ ಕೊಡುತ್ತಾಳೆ.
"ಕುಟ್ಟು. ಹಿಟ್ಟು ಮಾಡಬ್ಯಾಡ ಮತ್ತ, ಹಲ್ಲಿಗೆ ಸಿಗಬೇಕು."
ನನ್ನ ತಮ್ಮನಿಗೀಗ ಮೂವತ್ತೊಂದು, ಸೇತುವೆಗಳ ಭಾರ ಲೆಕ್ಕ ಹಾಕುವವನು.
ವರ್ಷಕ್ಕೊಮ್ಮೆ ಲಟ್ಟಣಿಗೆ ಹಿಡಿದು, ಮೆಟ್ಟಿಲ ಮೇಲೆ ಕೂತು
ಯಾರದೋ ಹಳೆಯ ಸಿಟ್ಟನ್ನು ತೀರಿಸುವಂತೆ ಕುಟ್ಟುತ್ತಾನೆ.

ಅಪ್ಪನ ಪಾಲಿಗೆ ಸಿಹಿಹಾಲಿನ ಡಬ್ಬಿ.
ಮುಚ್ಚಳ ನೆಕ್ಕಿ ನಾಲಿಗೆ ಕೊಯ್ದುಕೊಂಡ ವರ್ಷದಿಂದ
ಅವ್ವ ಪಕ್ಕದಲ್ಲೇ ನಿಂತಿರುತ್ತಾಳೆ.
ಒಣದ್ರಾಕ್ಷಿ ಅವನು ದುಡಿದ ಶೆಡ್ಡಿನದು,
ಪೆಟ್ಟಿಗೆಗೆ ಸಲ್ಲದೆ ಉಳಿದ, ತೊಟ್ಟು ಬಿಡದ ಕಾಳು.
ನನ್ನ ಮಗಳು ಎಸ್ತೇರ ಕೊಬ್ಬರಿ ಪುಡಿಯ ತಟ್ಟೆ ಕಾಯುತ್ತಾಳೆ,
ಕಾಯುವವರೇ ಮೇಯುವಂತೆ.

ನಾವು ಬಂದ ಮೊದಲ ವರ್ಷ, ಇದೇ ಮನೆ, ಆಗ ಬಾಡಿಗೆಗೆ,
ಅವನ್ ಸತ್ತಿತ್ತು.
ಹೊಸ ವರ್ಷ ಕಳೆಯಲಿ ನೋಡೋಣ ಅಂದಿದ್ದ ಮಾಲೀಕ.
ಕೇಕಿನ ಹಿಟ್ಟು ಕಲೆಸಿಟ್ಟುಕೊಂಡು ಅವ್ವ
ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿದ್ದಳು.
ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು.

ಬೇಲಿಯಾಚೆಯ ಡೋರೀನ್ ಪ್ಯಾಸ್ಕೋ ಬಂದಳು, ಕೇಳದೆಯೇ
ನಮ್ಮ ಕಪಾಟುಗಳನ್ನು ಒಂದೊಂದಾಗಿ ತೆರೆದಳು.
ಅಯ್ಯೋ, ಒಲೆ ಯಾಕೆ ಬೇಕು ಅಂದಳು,
ನಮ್ಮಜ್ಜಿಯ ಕಾಲದಿಂದ ನಾವು ಒಲೆಯಿಲ್ಲದೇ ಮಾಡುವುದು!
ಕರೆಂಟ್ ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟಳು.
ಅಳತೆಯ ಜಾಗದಲ್ಲೆಲ್ಲ ಒಂದೇ ಮಾತು: ಸಾಕಾಗುವಷ್ಟು.
ಮುಗಿದ ಮೇಲೆ ಅವ್ವ ಒಂದನ್ನು ಬೆಳಕಿಗೆ ಹಿಡಿದು ನೋಡಿ
"ಇದು ಉಂಡಿ," ಅಂದಳು. "ಇವರು ಕುಕ್ಕಿ ಅಂತಾರ."

ಜನವರಿಯಲ್ಲಿ ಹೊಸ ಅವನ್ ಬಂತು. ಆಮೇಲೆ ಇನ್ನೂ ಎರಡು.
ಈ ಒಂದು ದಿನ ಮಾತ್ರ ಯಾರೂ ಅದರ ಗುಂಡಿ ಮುಟ್ಟುವುದಿಲ್ಲ.
ಚರ್ಚಿನಲ್ಲಿ, ಆಸ್ಪತ್ರೆಯಲ್ಲಿ, ಎಸ್ತೇರಳ ಶಾಲೆಯಲ್ಲಿ
ನಾವೇ ಹೇಳಿಕೊಂಡು ಬಂದೆವು,
ನೂರು ವರ್ಷ ಹಳೆಯದು, ಡೋರೀನಳ ಅಜ್ಜಿಯದು.

ಡೋರೀನ್ ಹೋಗಿ ಎಂಟು ವರ್ಷ.
ಈ ಸಲ ಮನೆ ಮಾರಲು ಮಗಳು ಗ್ಲೆನಿಸ್ ಬಂದಿದ್ದಳು.
ಬೇಲಿಯ ಮೇಲಿಂದ ತಟ್ಟೆ ಚಾಚಿದೆ.
ಒಂದು ಕಚ್ಚಿದಳು. ಏನಿದು, ಚೆನ್ನಾಗಿದೆ?
ನಿಮ್ಮ ಮುತ್ತಜ್ಜಿಯದು ಅಂದೆ.
ಅವಳು ನಕ್ಕ ನಗೆಗೆ ಬೇಲಿಯ ಹಲಗೆ ಅಲುಗಿತು.
ಮುತ್ತಜ್ಜಿ? ಕುರಿಯ ಉಣ್ಣೆ ಕತ್ತರಿಸುತ್ತಿದ್ದವಳು ಅವಳು,
ಮೊಟ್ಟೆ ಬೇಯಿಸಲೂ ಬರುತ್ತಿರಲಿಲ್ಲ.
ಮತ್ತೆ ಕೊಬ್ಬರಿ? ಅಮ್ಮನಿಗೆ ಅದರ ವಾಸನೆಯೇ ಆಗದು,
ನಮ್ಮ ಮನೆಯೊಳಗೆ ಬಂದದ್ದೇ ಇಲ್ಲ.

ಒಳಗೆ ಬಂದು ಹೇಳಿದೆ. ಲಟ್ಟಣಿಗೆಯ ಸದ್ದು ನಿಂತಿತು.
ಅವ್ವ ಫ್ರಿಜ್ಜಿನ ಬಾಗಿಲಿನ ಬಿಲ್ಲನ್ನು ನೋಡುತ್ತಾ
ಆ ದಿನದ ಕಪಾಟನ್ನು ಮತ್ತೆ ತೆರೆಯತೊಡಗಿದಳು.
ಚಹಾಕ್ಕೆಂದು ಮೇರಿ ಬಿಸ್ಕೀಟು. ಪಾಯಸಕ್ಕೆಂದು ಹಾಲಿನ ಡಬ್ಬಿ.
ಬೆಟಗೇರಿಯಿಂದ ಸೀರೆಯ ಮಡಿಕೆಯಲ್ಲಿ ತಂದ ಯಾಲಕ್ಕಿ.
ಕೊಬ್ಬರಿ. ಅಪ್ಪನ ಶೆಡ್ಡಿನ ದ್ರಾಕ್ಷಿ.
ಬೇಲಿಯಾಚೆಯಿಂದ ಬಂದದ್ದು ಕೋಕೋ ಪುಡಿಯೊಂದೇ.
ಮತ್ತೆ ಆ ಅಜ್ಜಿ.

"ಹಾಗಾದರೆ ಇದು ಯಾರದು?" ಎಸ್ತೇರ ಕೇಳಿದಳು, ಅಂಗೈಯೆಲ್ಲ ಕಂದು.
"ಸಣ್ಣ ಕಟ್ಟವಾ," ಅಂದಳು ಅವ್ವ, "ಡಬ್ಬಿ ತುಂಬಬೇಕು."

ಅಪ್ಪ ಮಾತ್ರ ಚಮಚ ಕೆಳಗಿಟ್ಟು ಸುಮ್ಮನೆ ಕೂತ.
ಶೆಡ್ಡಿನಲ್ಲಿ ಪೆಟ್ಟಿಗೆ ಎಣಿಸಿ ಎಣಿಸಿ ಅಭ್ಯಾಸವಾದ ಬೆರಳು
ಮೇಜಿನ ಮೇಲೆ ಏನೋ ಎಣಿಸುತ್ತಿತ್ತು.
"ವರ್ಷಾ ಎರಡು ತಿಂತಿದ್ದಳು," ಅಂದ,
"ಬೇಲಿಗೆ ಒರಗಿ, ನಮ್ಮ ಕಣ್ಣೆದುರಿಗೇ. ಹತ್ತೊಂಬತ್ತು ವರ್ಷ."

ಸ್ವಲ್ಪ ಹೊತ್ತು ಬಿಟ್ಟು,
"ಮೂವತ್ತೆಂಟು."